ಮರಿ ಯಾಕೆ ಆಗಲಿಲ್ಲ? ಕಾವು ಪೆಟ್ಟಿಗೆಯಿಂದ ಬ್ರೂಡರ್‌ವರೆಗೆ ತಪ್ಪು ಹುಡುಕುವ ಕೈಪಿಡಿ

21 ದಿನ ಕಾದಿರುತ್ತೀರಿ. ಟ್ರೇ ತುಂಬ ಕೋಳಿ ಮೊಟ್ಟೆ ಇಟ್ಟಿದ್ದರೂ ಹೊರಗೆ ಬಂದಿದ್ದು ಬೆರಳೆಣಿಕೆಯಷ್ಟು ಮರಿ. ಅಥವಾ ಮರಿಗಳೆಲ್ಲ ಚೆನ್ನಾಗೇ ಹೊರಬಂದು, ನಾಲ್ಕನೇ ದಿನದಿಂದ ಒಂದೊಂದಾಗಿ ಸಾಯಲು ಶುರು. ಇಂಥ ಹೊತ್ತಲ್ಲಿ ಮೊದಲು ಬಾಯಿಗೆ ಬರುವ ಮಾತು, "ಮೊಟ್ಟೆನೇ ಸರಿ ಇರಲಿಲ್ಲ" ಅಂತ. ಕೆಲವು ಸಲ ಅದು ನಿಜ. ಆದರೆ ಜಾಸ್ತಿ ಸಲ ತಪ್ಪು ಇರುವುದು ಥರ್ಮಾಮೀಟರಿನಲ್ಲಿ, ನೀರಿನ ತಟ್ಟೆಯಲ್ಲಿ, ಮುಚ್ಚಿಹೋದ ಗಾಳಿ ಕಂಡಿಯಲ್ಲಿ, ಹುಟ್ಟಿದ ಮರಿಗಳನ್ನು ಬೆಚ್ಚಗಿಟ್ಟು ಸಾಕುವ ಬ್ರೂಡರಿನ ನೆಲದಲ್ಲಿ. ಅಂದರೆ ಮೊಟ್ಟೆ ಇಡುವ ಮೊದಲೇ ನಾವು ಸಜ್ಜು ಮಾಡಿಕೊಳ್ಳಬೇಕಾದ ಸಾಮಾನಿನಲ್ಲಿ.

ಈ ತಪ್ಪನ್ನು ಹುಡುಕಬಹುದು. ಯಾಕಂದರೆ ಪ್ರತಿ ಸಾವಿಗೂ ಒಂದು ತಾರೀಕು ಇರುತ್ತದೆ. ಮರಿ ಮೊಟ್ಟೆಯೊಳಗೆ ಎಷ್ಟನೇ ದಿನ ಸತ್ತಿತು, ಬ್ರೂಡರಿನಲ್ಲಿ ಎಷ್ಟನೇ ದಿನ ಸತ್ತಿತು ಅನ್ನೋದು ಗೊತ್ತಾದರೆ ಕಾರಣ ಅರ್ಧ ಸಿಕ್ಕ ಹಾಗೆ. ಹಾಗಾಗಿ ಬಿರಿಯದ ಮೊಟ್ಟೆಗಳನ್ನು ದಯವಿಟ್ಟು ಹಾಗೇ ಎಸೆಯಬೇಡಿ. ನಿಮಗೆ ಬೇಕಾದ ಉತ್ತರ ಅದರೊಳಗೇ ಇದೆ.

ಮೊದಲು ಅಳೆಯುವ ಸಾಮಾನನ್ನೇ ಅನುಮಾನಿಸಿ

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಮೊಟ್ಟೆಗೆ ಬೇಕಾದ ಕಾವು 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ ನಿಲ್ಲುತ್ತದೆ. ಅಲ್ಲಿ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ 38.3ರಿಂದ 38.9 ಇರಬೇಕು. ಎಷ್ಟೋ ಜನ ಫ್ಯಾನ್ ಇಲ್ಲದ ಪೆಟ್ಟಿಗೆಗೂ 37.5 ಅಂತಲೇ ಇಟ್ಟು, ಥರ್ಮಾಮೀಟರನ್ನು ಮುಚ್ಚಳದ ಹತ್ತಿರ ನೇತುಹಾಕುತ್ತಾರೆ. ಮೇಲೆ 37.5 ಇದ್ದರೆ ಮೊಟ್ಟೆಯ ಹತ್ತಿರ ಅದಕ್ಕಿಂತ ಕಡಿಮೆ ಇರುತ್ತದೆ ಅಲ್ವಾ? ಮರಿ ತಡವಾಗುತ್ತದೆ, ಸೋತು ಹುಟ್ಟುತ್ತದೆ, ಕೆಲವು ಹುಟ್ಟುವುದೇ ಇಲ್ಲ.

ಪೆಟ್ಟಿಗೆಯ ಮೇಲಿನ ಡಿಸ್‌ಪ್ಲೇ ತೋರಿಸುವುದು ಅದರ ಸೆನ್ಸರ್ ಇರುವ ಜಾಗದ ಬಿಸಿ ಮಾತ್ರ. ಸೆನ್ಸರ್ ಫ್ಯಾನಿನ ಪಕ್ಕದಲ್ಲಿದ್ದರೆ ಮೂಲೆಯ ಮೊಟ್ಟೆಯ ಕಥೆ ಬೇರೆಯೇ. ಬೇರೆ ಥರ್ಮಾಮೀಟರ್ ಒಂದನ್ನು ಮೊಟ್ಟೆಯ ಮಟ್ಟದಲ್ಲಿಟ್ಟು, ನಾಲ್ಕು ಮೂಲೆ ಮತ್ತು ನಡುವೆ, ಒಂದೊಂದು ಕಡೆ ಅರ್ಧ ಗಂಟೆ ಬಿಟ್ಟು ಬರೆದುಕೊಳ್ಳಿ. ಒಂದು ಮೂಲೆಗೂ ಇನ್ನೊಂದಕ್ಕೂ ಒಂದು ಡಿಗ್ರಿ ವ್ಯತ್ಯಾಸ ಬಂದರೆ ಮೊಟ್ಟೆಗಳ ಜಾಗವನ್ನು ಆಗಾಗ ಬದಲಿಸುತ್ತಿರಬೇಕು.

ಆ ಬೇರೆ ಥರ್ಮಾಮೀಟರ್ ಸರಿ ಇದೆ ಅಂತ ಹೇಗೆ ನಂಬೋದು? ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ನೀರು ಸುರಿದು ಕಲಸಿ. ಥರ್ಮಾಮೀಟರಿನ ತುದಿ ನಡುವೆ ಇರಲಿ, ಗಾಜಿಗೆ ತಾಗಬಾರದು. ಮೂರು ನಿಮಿಷ ಬಿಟ್ಟರೆ 0 ತೋರಿಸಬೇಕು. ಇದು ಒಳ್ಳೆಯ ಪರೀಕ್ಷೆಯೇ, ಆದರೆ 0ಯಲ್ಲಿ ಸರಿ ಇದ್ದದ್ದು 37ರಲ್ಲಿ ಸರಿ ಇರಲೇಬೇಕು ಅಂತೇನಿಲ್ಲ. ನನಗೆ ಜಾಸ್ತಿ ನಂಬಿಕೆ ಇರುವುದು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ಮೇಲೆ. ಅದನ್ನು ಮಾಡಿರುವುದೇ ಈ ಬಿಸಿಯನ್ನು ಅಳೆಯಲು. ಉಗುರು ಬೆಚ್ಚಗಿನ ನೀರಿಗೆ ಬಿಸಿನೀರು ಬೆರೆಸುತ್ತಾ 37, 38ರ ಹತ್ತಿರ ತನ್ನಿ. ಎರಡೂ ತುದಿಗಳನ್ನು ಜೊತೆಯಾಗಿ ಹಿಡಿದು ಮುಳುಗಿಸಿ. ನೀರು ತಾಗಬಾರದ ಸೆನ್ಸರ್ ಆದರೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಇಳಿಸಿ. ಎಷ್ಟು ವ್ಯತ್ಯಾಸ ಬಂತೋ ಅದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೇ ಅಂಟಿಸಿ. ಅರ್ಧ ಡಿಗ್ರಿ ಕೂಡ ಸುಮ್ನೆ ಬಿಡುವ ಮಾತಲ್ಲ. ಅಷ್ಟು ತಪ್ಪು 21 ದಿನವೂ ನಡೆದರೆ ಮರಿ ಹೊರಬರುವ ಹೊತ್ತೇ ಹೆಚ್ಚುಕಡಿಮೆ ಆಗುತ್ತದೆ.

ತೇವಾಂಶದ ಮೀಟರಿಗೆ ಉಪ್ಪಿನ ಪರೀಕ್ಷೆ ಇದೆ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ ಕೆಲವು ಹನಿ ನೀರು ಹಾಕಿ. ಉಪ್ಪು ಒದ್ದೆಯಾಗಬೇಕು, ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಜಿಪ್ ಚೀಲದಲ್ಲಿಟ್ಟು, ಬಿಸಿ ಏರಿಳಿಯದ ಜಾಗದಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀಟರ್ 75 ತೋರಿಸಬೇಕು. 69 ತೋರಿಸಿದರೆ ಆ ಮೀಟರಿನ ಓದಿಗೆ ಯಾವಾಗಲೂ 6 ಕೂಡಿಸಿ. ಅಗ್ಗದ ಮೀಟರುಗಳು ಹೊಸದಾಗಿದ್ದಾಗಲೇ ಹೀಗೆ ತಪ್ಪು ತೋರಿಸುವುದುಂಟು. ಆ ಕಾರಣಕ್ಕೆ ಎಸೆಯಬೇಕಾಗಿಲ್ಲ, ಎಷ್ಟು ತಪ್ಪು ಅಂತ ಗೊತ್ತಿದ್ದರೆ ಸಾಕು.

ಇಷ್ಟೆಲ್ಲ ಆದ ಮೇಲೆ ಮೊಟ್ಟೆ ಇಲ್ಲದೆ ಪೆಟ್ಟಿಗೆಯನ್ನು ಕನಿಷ್ಠ 24 ಗಂಟೆ ಓಡಿಸಿ. ಎರಡು ದಿನ ಓಡಿಸಿದರೆ ಇನ್ನೂ ಒಳ್ಳೆಯದು. ಹಗಲು ರಾತ್ರಿ ಎರಡೂ ನೋಡಿದ ಹಾಗಾಗುತ್ತದೆ. ಕಿಟಕಿಯ ಬಿಸಿಲು, ಫ್ಯಾನಿನ ಗಾಳಿ, ಬಾಗಿಲ ಸಂದಿನ ತಂಪು ಬೀಳುವ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಎಂಥ ಥರ್ಮೋಸ್ಟಾಟ್ ಕೂಡ ಸೋಲುತ್ತದೆ.

ಬಿರಿಯದ ಮೊಟ್ಟೆಯನ್ನು ಒಡೆದು ನೋಡುವುದು

ಇದನ್ನು ಮಾಡಲು ಎಲ್ಲರೂ ಹಿಂಜರಿಯುತ್ತಾರೆ. ಅರ್ಥವಾಗುತ್ತದೆ. ಆದರೂ ಮಾಡಿ. 21 ದಿನ ಆಗಿದೆ ಅಂತ ಆತುರ ಬೇಡ, 23ನೇ ದಿನ ದಾಟಲಿ. ಕಾವು ಸ್ವಲ್ಪ ಕಡಿಮೆ ಇದ್ದರೆ ಜೀವಂತ ಮರಿ ತಡವಾಗಿ ಬರುವುದುಂಟು. ಟಾರ್ಚ್ ಬೆಳಕಿಗೆ ಹಿಡಿದು ಅಲುಗಾಟ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ, ಮನೆಯ ಹೊರಗೆ, ಕೈಗವಸು ಹಾಕಿಕೊಂಡು, ದಪ್ಪ ತುದಿಯಿಂದ ನಿಧಾನವಾಗಿ ಚಿಪ್ಪು ಬಿಡಿಸಿ. ಕೊಳೆತ ಮೊಟ್ಟೆಯೊಳಗೆ ಗಾಳಿ ತುಂಬಿಕೊಂಡು ಸಿಡಿಯುತ್ತದೆ, ಹಾಗಾಗಿ ವಾಸನೆ ಬರುವುದನ್ನು ಒಡೆಯಬೇಡಿ. ಚೀಲದಲ್ಲಿ ಕಟ್ಟಿ ಹಾಗೇ ವಿಲೇವಾರಿ ಮಾಡಿ.

ಒಳಗೆ ಏನೂ ಬೆಳೆದಿಲ್ಲ, ಹಳದಿ ಬಿಳಿ ಎರಡೂ ತಿಳಿಯಾಗಿವೆ ಅಂದರೆ ಎರಡು ಸಾಧ್ಯತೆ. ಹುಂಜ ಕೂಡದ ಮೊಟ್ಟೆ ಇರಬಹುದು, ಇಲ್ಲವೇ ಕಾವಿಗೆ ಇಡುವ ಮೊದಲೋ ಇಟ್ಟ ಮೊದಲ ದಿನವೋ ಭ್ರೂಣ ಸತ್ತಿರಬಹುದು. ಇವೆರಡನ್ನು ಬೇರೆ ಮಾಡಲು ಅದೇ ಗುಂಪಿನ ತಾಜಾ ಮೊಟ್ಟೆ ಕೆಲವನ್ನು ತಟ್ಟೆಗೆ ಒಡೆದು ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಅದು ಸಣ್ಣದಾಗಿ, ಗಟ್ಟಿ ಬಿಳಿಯಾಗಿ, ಅಂಚು ಅಂಕುಡೊಂಕಾಗಿದ್ದರೆ ಹುಂಜ ಕೂಡಿಲ್ಲ. ಸ್ವಲ್ಪ ದೊಡ್ಡದಾಗಿ, ದುಂಡಗೆ, ಸುತ್ತ ಬಳೆಯ ಹಾಗೆ ಅಂಚು ಕಂಡರೆ ಕೂಡಿದೆ. ಚುಕ್ಕೆ ಸರಿ ಇಲ್ಲ ಅಂದರೆ ಪೆಟ್ಟಿಗೆಯನ್ನು ಬಿಟ್ಟು ಹಿಂಡಿನ ಕಡೆ ನೋಡಬೇಕು. ಸಾಮಾನ್ಯವಾಗಿ 8ರಿಂದ 10 ಹೇಂಟೆಗೆ ಒಂದು ಹುಂಜ ಬೇಕು. ಹುಂಜಕ್ಕೆ ವಯಸ್ಸಾಗಿದೆಯಾ, ಕಾಲು ನೋವಿದೆಯಾ ಅಂತ ಗಮನಿಸಿ.

ಚುಕ್ಕೆ ಸರಿ ಇದ್ದೂ ಬೆಳೆದಿಲ್ಲ ಅಂದರೆ ಮೊಟ್ಟೆ ಕೂಡಿಟ್ಟ ರೀತಿಯಲ್ಲಿ ತಪ್ಪಿದೆ. ಕಾವಿಗೆ ಇಡುವ ಮೊಟ್ಟೆಯನ್ನು 13ರಿಂದ 18 ಡಿಗ್ರಿ ತಂಪಿನಲ್ಲಿ, ಚೂಪು ತುದಿ ಕೆಳಗೆ ಮಾಡಿ, ಒಂದು ವಾರದೊಳಗೆ ಬಳಸಬೇಕು. ಮನೆಯ ಫ್ರಿಜ್ ಇದಕ್ಕೆ ತೀರಾ ತಣ್ಣಗಾಯಿತು. ಬೇಸಿಗೆಯ ಕೋಣೆ ತೀರಾ ಬೆಚ್ಚಗಾಯಿತು, ಅಲ್ಲಿ ಭ್ರೂಣ ಅರೆಬರೆ ಬೆಳೆಯಲು ಶುರು ಮಾಡಿ ಸೋಲುತ್ತದೆ. ದೂರದಿಂದ ತರಿಸಿದ ಮೊಟ್ಟೆಯನ್ನು ದಪ್ಪ ತುದಿ ಮೇಲೆ ಮಾಡಿ ಒಂದು ದಿನ ಅಲುಗಿಸದೆ ಇಟ್ಟು ಆಮೇಲೆ ಪೆಟ್ಟಿಗೆಗೆ ಹಾಕಿ.

ರಕ್ತದ ಬಳೆ ಕಂಡರೆ ಭ್ರೂಣ ಮೊದಲ ವಾರದಲ್ಲೇ, ಹೆಚ್ಚಾಗಿ 3, 4ನೇ ದಿನಗಳ ಸುಮಾರಿಗೆ ಸತ್ತಿದೆ. ಹೃದಯ ಬಡಿದು, ನಾಳ ಹರಡಿ, ಆಮೇಲೆ ರಕ್ತ ಅಂಚಿಗೆ ಸರಿದು ಬಳೆಯಾಗಿ ನಿಂತಿರುತ್ತದೆ. 7ನೇ ದಿನ ಟಾರ್ಚ್ ಹಿಡಿದರೆ ಮೊಟ್ಟೆ ಒಡೆಯದೆಯೇ ಇದು ಕಾಣುತ್ತದೆ. ಒಂದೆರಡು ಇದ್ದರೆ ಸಹಜ. ತುಂಬ ಇದ್ದರೆ ಮೊದಲ ವಾರದ ಬಿಸಿಯ ಏರಿಳಿತ, ಹಳೆಯ ಮೊಟ್ಟೆ, ಕುಲುಕಾಟ, ಇಲ್ಲವೇ ಕೊಳಕು ಚಿಪ್ಪಿನಿಂದ ಒಳಹೋದ ಸೋಂಕು ಇವುಗಳಲ್ಲಿ ಒಂದು. ಕೊಳಕಾದ ಮೊಟ್ಟೆಯನ್ನು ತಣ್ಣೀರಲ್ಲಿ ತೊಳೆಯುವುದು ಇನ್ನೂ ಕೆಟ್ಟದ್ದು. ಒಳಗಿರುವುದು ತಂಪಿಗೆ ಕುಗ್ಗುವಾಗ ಚಿಪ್ಪಿನ ಸಣ್ಣ ರಂಧ್ರಗಳಿಂದ ಕೊಳೆಯನ್ನೂ ಒಳಗೆಳೆದುಕೊಳ್ಳುತ್ತದೆ. ಸ್ವಚ್ಛ ಮೊಟ್ಟೆಯನ್ನೇ ಆರಿಸಿ, ಅಷ್ಟೇ.

8ರಿಂದ 17ನೇ ದಿನದ ನಡುವೆ ಸಾವು ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಈ ವಯಸ್ಸಿನ ಭ್ರೂಣಗಳೇ ಹೆಚ್ಚಾಗಿ ಸಿಕ್ಕರೆ ಅದು ಗಮನಿಸಬೇಕಾದ ಸಂಗತಿ. ಕೊಕ್ಕು ಗಟ್ಟಿಯಾಗಿ ಅದರ ತುದಿಯಲ್ಲಿ ಚಿಪ್ಪು ಒಡೆಯುವ ಸಣ್ಣ ಹಲ್ಲು ಎದ್ದು ಕಂಡರೆ 10ನೇ ದಿನದ ಸುಮಾರು. ಮೈಮೇಲೆ ತುಪ್ಪಳ, ಕಾಲಲ್ಲಿ ಉಗುರು ಕಂಡರೆ 13 ದಾಟಿದೆ. ಈ ಹಂತದ ಸಾವಿಗೆ ಎರಡು ಕಾರಣ ಮೊದಲು ನೋಡಿ. ಒಂದು, ತಾಯಿ ಕೋಳಿಗಳಿಗೆ ವಿಟಮಿನ್ ಕೊರತೆ. ಇನ್ನೊಂದು, ಮೊಟ್ಟೆ ತಿರುಗದೇ ಇರುವುದು. ತಾನಾಗಿ ತಿರುಗಿಸುವ ಟ್ರೇ ಇದೆ ಅಂತ ನಿಶ್ಚಿಂತರಾಗಬೇಡಿ. ಬೆಳಿಗ್ಗೆ ಒಂದು ಫೋಟೋ, ನಾಲ್ಕು ಗಂಟೆ ಬಿಟ್ಟು ಒಂದು ಫೋಟೋ ತೆಗೆದು ಹೋಲಿಸಿ. ಮೋಟಾರ್ ಶಬ್ದ ಮಾಡುತ್ತಾ ಇದ್ದರೂ ಟ್ರೇ ಕೊಂಡಿ ಕಳಚಿಕೊಂಡು ನಿಂತಲ್ಲೇ ನಿಂತಿರಬಹುದು. ಕೈಯಲ್ಲಿ ತಿರುಗಿಸುವವರು ಪೆನ್ಸಿಲಿನಲ್ಲಿ ಒಂದು ಬದಿಗೆ ಗುಣಿಸು ಗುರುತು, ಇನ್ನೊಂದು ಬದಿಗೆ ಸೊನ್ನೆ ಹಾಕಿ ದಿನಕ್ಕೆ 3 ಅಥವಾ 5 ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕಂದರೆ, ರಾತ್ರಿಯ ಉದ್ದನೆಯ ಹೊತ್ತು ಪ್ರತಿದಿನ ಒಂದೇ ಬದಿ ಮೇಲಿರಬಾರದು.

ಪೂರ್ತಿ ಬೆಳೆದು, ಚಿಪ್ಪು ಕುಕ್ಕದೆಯೇ ಸತ್ತ ಮರಿ ಮನಸ್ಸಿಗೆ ತುಂಬ ಬೇಜಾರು ಮಾಡುತ್ತದೆ. ಇಲ್ಲಿ ನೋಡಬೇಕಾದ್ದು ತಲೆ ಎಲ್ಲಿದೆ ಅನ್ನೋದು. ಸರಿಯಾಗಿ ಕೂತ ಮರಿಯ ತಲೆ ಬಲ ರೆಕ್ಕೆಯ ಕೆಳಗೆ ಇದ್ದು, ಕೊಕ್ಕು ದಪ್ಪ ತುದಿಯ ಗಾಳಿ ಚೀಲದ ಕಡೆ ಇರುತ್ತದೆ. ತಲೆ ಚೂಪು ತುದಿಯ ಕಡೆ ಇದ್ದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿರುವ ಸಾಧ್ಯತೆ ಹೆಚ್ಚು. ತಲೆ ಸರಿಯಾದ ಕಡೆಯೇ ಇದೆ, ಆದರೆ ಮರಿ ಊದಿಕೊಂಡಿದೆ, ಸುತ್ತ ನೀರು ನೀರಾಗಿದೆ ಅಂದರೆ ತೇವಾಂಶ 18 ದಿನವೂ ಜಾಸ್ತಿ ಇತ್ತು. ಮರಿ ಚಿಕ್ಕದಾಗಿ, ಒಳಪೊರೆ ಒಣಗಿ ಮೈಗೆ ಅಂಟಿಕೊಂಡಿದ್ದರೆ ತೇವಾಂಶ ಕಡಿಮೆ ಇತ್ತು. ಎರಡೂ ಅಲ್ಲ, ನೋಡಲು ಎಲ್ಲ ಸರಿ ಇದೆ ಅಂದರೆ ಗಾಳಿ ಕಂಡಿಯನ್ನು ನೆನಪಿಸಿಕೊಳ್ಳಿ. ಕೊನೆಯ ದಿನಗಳಲ್ಲಿ ಮರಿಗೆ ಆಮ್ಲಜನಕ ಬೇಕಾಗುವುದು ಜಾಸ್ತಿ. ತೇವ ಹೋಗದಿರಲಿ ಅಂತ ಕಂಡಿ ಮುಚ್ಚುವ ಅಭ್ಯಾಸ ತುಂಬ ಕಡೆ ಇದೆ. ಅದರಿಂದ ಮರಿ ಉಸಿರುಕಟ್ಟಿ ಸಾಯುತ್ತದೆ. ತೇವ ಬೇಕಾದರೆ ನೀರು ಹೆಚ್ಚಿಸಿ, ಕಂಡಿ ಮುಚ್ಚಬೇಡಿ.

ಬೇಗ ಬಂತು, ತಡವಾಗಿ ಬಂತು

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲ ಮರಿಗಳೂ 20ನೇ ದಿನವೇ ಬಂದು, ಹೊಕ್ಕುಳು ಸರಿಯಾಗಿ ಮುಚ್ಚಿಲ್ಲ ಅಂದರೆ ಕಾವು ಜಾಸ್ತಿ ಆಗಿದೆ. 22, 23ಕ್ಕೆ ಹೋಗಿ, ಮರಿಗಳು ದೊಡ್ಡ ಹೊಟ್ಟೆಯೊಂದಿಗೆ ನಿಲ್ಲಲಾರದೆ ಇದ್ದರೆ ಕಡಿಮೆ ಆಗಿದೆ. ಕೆಲವು ಬೇಗ, ಕೆಲವು ತಡ ಅಂದರೆ ಪೆಟ್ಟಿಗೆಯೊಳಗೆ ಬಿಸಿ ಸಮವಾಗಿಲ್ಲ, ಇಲ್ಲವೇ ಹೊಸ ಮೊಟ್ಟೆ ಹಳೆ ಮೊಟ್ಟೆ ಬೆರೆತಿವೆ. ಸಣ್ಣ ಪೆಟ್ಟಿಗೆಯಲ್ಲಿ ಇನ್ನೊಂದು ವಿಷಯ ಗಮನದಲ್ಲಿರಲಿ. ಎರಡು ವಾರ ದಾಟಿದ ಮೇಲೆ ಮೊಟ್ಟೆಗಳೇ ಶಾಖ ಬಿಡುತ್ತವೆ. ಮೊದಲ ದಿನ ಕೂರಿಸಿದ ಬಿಸಿ 16ನೇ ದಿನ ತಾನಾಗೇ ಏರಬಹುದು.

ಕರೆಂಟ್ ಹೋದಾಗ ಗಾಬರಿಯಾಗಿ ಪೆಟ್ಟಿಗೆಗೆ ಬಿಸಿನೀರಿನ ಬಾಟಲಿ ತುಂಬಿಸುವವರಿದ್ದಾರೆ. ಬೇಡ. ಮೊಟ್ಟೆ ಒಂದೆರಡು ಗಂಟೆ ತಣ್ಣಗಾಗುವುದನ್ನು ತಡೆದುಕೊಳ್ಳುತ್ತದೆ, ಬಿಸಿ ಏರುವುದನ್ನು ತಡೆದುಕೊಳ್ಳುವುದಿಲ್ಲ. 40 ದಾಟಿ ಕೆಲವು ಗಂಟೆ ನಿಂತರೂ ಪೂರ್ತಿ ಟ್ರೇ ಕಳೆದುಕೊಳ್ಳಬಹುದು. ಮುಚ್ಚಳ ತೆರೆಯದೆ, ಕಂಡಿಗೆ ಅಡ್ಡ ಬಾರದ ಹಾಗೆ ಕಂಬಳಿ ಹೊದಿಸಿ ಕಾಯಿರಿ.

ನೀರಿನ ತಟ್ಟೆಯ ತಪ್ಪು

ಮೊದಲ 18 ದಿನ 45ರಿಂದ 55 ಶೇಕಡಾ, ಕೊನೆಯ ಮೂರು ದಿನ 65ರಿಂದ 75 ಶೇಕಡಾ. ಲೆಕ್ಕ ಇಷ್ಟೇ. ಆದರೆ ಮೀಟರಿಗಿಂತ ನಂಬಿಕಸ್ಥ ಸಾಧನ ತೂಕದ ಯಂತ್ರ. ಮೊಟ್ಟೆಯೊಳಗಿನ ನೀರು ಚಿಪ್ಪಿನಿಂದ ಆವಿಯಾಗಿ ಹೋಗುತ್ತಾ, ಆ ಜಾಗದಲ್ಲಿ ಗಾಳಿ ಚೀಲ ದೊಡ್ಡದಾಗಬೇಕು. ಮರಿ ಮೊದಲ ಉಸಿರು ಎಳೆಯುವುದು ಆ ಗಾಳಿಯಿಂದಲೇ. 18ನೇ ದಿನಕ್ಕೆ ಮೊಟ್ಟೆ ತನ್ನ ಮೊದಲ ತೂಕದ ಸುಮಾರು 11ರಿಂದ 13 ಶೇಕಡಾ ಕಳೆದುಕೊಂಡಿರಬೇಕು. 60 ಗ್ರಾಂ ಮೊಟ್ಟೆ 53 ಗ್ರಾಂ ಹತ್ತಿರ ಬಂದಿರಬೇಕು ಅಂತ ಆಯಿತು. ಎಲ್ಲವನ್ನೂ ತೂಗಬೇಕಾಗಿಲ್ಲ. ಐದಾರು ಮೊಟ್ಟೆಗೆ ನಂಬರ್ ಹಾಕಿ ಮೊದಲ ದಿನ, 7, 14, 18ನೇ ದಿನ ತೂಗಿ. 7ನೇ ದಿನವೇ ಒಂದು ಗ್ರಾಂ ಮಾತ್ರ ಇಳಿದಿದೆ ಅಂದರೆ ತೇವಾಂಶ ಜಾಸ್ತಿ ಆಯಿತು, ನೀರು ಕಡಿಮೆ ಮಾಡಿ. ಹೀಗೆ ತೂಗಿದರೆ ತಪ್ಪನ್ನು ಸರಿಪಡಿಸಲು ಇನ್ನೂ ಹತ್ತು ದಿನ ಕೈಯಲ್ಲಿರುತ್ತದೆ. 21ನೇ ದಿನ ಗೊತ್ತಾಗಿ ಏನು ಪ್ರಯೋಜನ?

ತೇವಾಂಶ ಏರುತ್ತಿಲ್ಲ ಅಂತ ತಟ್ಟೆಗೆ ಇನ್ನಷ್ಟು ಆಳವಾಗಿ ನೀರು ತುಂಬಿಸುವುದರಿಂದ ಏನೂ ಆಗುವುದಿಲ್ಲ. ಆವಿ ಏಳುವುದು ನೀರಿನ ಮೇಲ್ಮೈಯಿಂದ. ಅಗಲವಾದ ತಟ್ಟೆ ಇಡಿ, ಅಥವಾ ಸ್ವಚ್ಛವಾದ ಹೊಸ ಸ್ಪಂಜನ್ನು ನೀರಲ್ಲಿ ನಿಲ್ಲಿಸಿ. ನೀರು ಹಾಕುವಾಗ ಬೆಚ್ಚಗಿನದು ಹಾಕಿ.

18ನೇ ದಿನ ತಿರುಗಿಸುವುದನ್ನು ನಿಲ್ಲಿಸಿ, ತೇವ ಏರಿಸಿ, ಮುಚ್ಚಳ ಮುಚ್ಚಿದ ಮೇಲೆ ತೆರೆಯಬಾರದು. ಮರಿ ಚಿಪ್ಪು ಕುಕ್ಕಿ ಅಲ್ಲಿಗೇ ನಿಂತುಬಿಟ್ಟಿದೆ ಅನ್ನೋ ದೂರಿಗೆ ಕಾರಣ ಹೆಚ್ಚಾಗಿ ಇದೇ. ಮೊದಲು ಹುಟ್ಟಿದ ಮರಿಯನ್ನು ತೆಗೆಯಲು ಮುಚ್ಚಳ ತೆರೆದಾಗ ತೇವ ಒಮ್ಮೆಲೇ ಬೀಳುತ್ತದೆ. ಉಳಿದ ಮರಿಗಳ ಒಳಪೊರೆ ಒಣಗಿ ಬಿಗಿಯುತ್ತದೆ. ಹುಟ್ಟಿದ ಮರಿಗೆ ಅವಸರವೇನೂ ಇಲ್ಲ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಅದನ್ನು ಎರಡು ದಿನ, ಮೂರು ದಿನದವರೆಗೂ ನಡೆಸುತ್ತದೆ. ಪೆಟ್ಟಿಗೆಯಲ್ಲೇ ಒಣಗಿ ತುಪ್ಪಳ ಅರಳಲಿ.

ಸಿಕ್ಕಿಕೊಂಡ ಮರಿಗೆ ಕೈ ಹಾಕಿ ಸಹಾಯ ಮಾಡಬೇಕಾ? ಚಿಪ್ಪು ಕುಕ್ಕಿದ ಮೇಲೆ ಹೊರಬರಲು 24 ಗಂಟೆ ತೆಗೆದುಕೊಳ್ಳುವುದು ಸಹಜ. ಆ ಹೊತ್ತಿನಲ್ಲಿ ಒಳಪೊರೆಯ ರಕ್ತನಾಳಗಳು ಬತ್ತುತ್ತವೆ, ಹಳದಿ ಪೂರ್ತಿ ಒಳಗೆ ಹೋಗುತ್ತದೆ. ಅದಕ್ಕೂ ಮೊದಲು ಚಿಪ್ಪು ಬಿಡಿಸಿದರೆ ರಕ್ತ ಸುರಿಯುತ್ತದೆ. 24 ಗಂಟೆ ದಾಟಿ, ಪೊರೆ ಬಿಳಿಯಾಗಿ ಕಾಗದದ ಥರ ಒಣಗಿ, ಒಳಗೆ ಮರಿ ಕೂಗುತ್ತಿದ್ದರೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ಒದ್ದೆ ಮಾಡಿ, ಕುಕ್ಕಿದ ಜಾಗದ ಸುತ್ತ ಸ್ವಲ್ಪ ಸ್ವಲ್ಪವೇ ಬಿಡಿಸಿ. ಒಂದು ಕೆಂಪು ಗೆರೆ ಕಂಡರೂ ನಿಲ್ಲಿಸಿ ಮತ್ತೆ ಪೆಟ್ಟಿಗೆಯಲ್ಲಿಡಿ.

ಹುಟ್ಟಿದ ಮರಿಯಲ್ಲೇ ಕಾಣುವ ತಪ್ಪು

ಮೈಯೆಲ್ಲ ಅಂಟಂಟಾಗಿ, ತುಪ್ಪಳ ಅರಳದೆ ಇದ್ದರೆ ತೇವ ಜಾಸ್ತಿ, ಕಾವು ಕಡಿಮೆ ಆಗಿತ್ತು ಅಂತ. ಹೊಕ್ಕುಳು ಊದಿ, ಒದ್ದೆಯಾಗಿ, ಕೆಟ್ಟ ವಾಸನೆ ಬಂದರೆ ಸೋಂಕು ಆಗಿದೆ. ಅಂಥ ಮರಿ ಮೊದಲ ವಾರ ಉಳಿಯುವುದು ಕಷ್ಟ. ಅದನ್ನು ಉಳಿದವುಗಳಿಂದ ಬೇರೆ ಇಡಿ, ಪೆಟ್ಟಿಗೆಯನ್ನು ಸೋಪಿನಲ್ಲಿ ತೊಳೆದು, ಆಮೇಲೆ ಬ್ಲೀಚಿಂಗ್ ದ್ರಾವಣದಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ. ಹಿಂದಿನ ಸಲದ ಚಿಪ್ಪಿನ ಚೂರು, ತುಪ್ಪಳದ ಧೂಳು ಫ್ಯಾನಿನ ರೆಕ್ಕೆಯ ಹಿಂದೆ ಉಳಿದಿರುತ್ತದೆ. ಅಲ್ಲೂ ಬ್ರಷ್ ಆಡಿಸಿ.

ಕಾಲು ಎರಡೂ ಪಕ್ಕಕ್ಕೆ ಜಾರಿ ಮರಿ ನೆಲಕ್ಕೆ ಕೂತುಬಿಟ್ಟರೆ ಕಾರಣ ನುಣುಪು ನೆಲ. ಪೆಟ್ಟಿಗೆಯ ಪ್ಲಾಸ್ಟಿಕ್ ತಳವೋ ಬ್ರೂಡರಿನಲ್ಲಿ ಹಾಸಿದ ನ್ಯೂಸ್‌ಪೇಪರೋ ನೋಡಿ. ಮೊದಲ ಎರಡು ದಿನದಲ್ಲೇ ಗಮನಿಸಿದರೆ ಸರಿಹೋಗುವ ತೊಂದರೆ ಇದು. ಮೃದುವಾದ ಅಂಟುಪಟ್ಟಿಯಿಂದ ಎರಡೂ ಕಾಲನ್ನು ಸುಮಾರು 2.5 ಸೆಂಟಿಮೀಟರ್ ಅಂತರಕ್ಕೆ ಸಡಿಲವಾಗಿ ಕಟ್ಟಿ, ಒರಟು ಬಟ್ಟೆಯ ಮೇಲೆ ನಡೆಯಲು ಬಿಡಿ. ಎರಡು ಮೂರು ದಿನದಲ್ಲಿ ಕಾಲು ನಿಲ್ಲುತ್ತದೆ.

ಬ್ರೂಡರಿನಲ್ಲಿ ಸಾವು: ಇಲ್ಲೂ ತಾರೀಕೇ ಮುಖ್ಯ

ಮೊದಲ ಮೂರು ದಿನದಲ್ಲಿ ಸತ್ತರೆ ಹೊಕ್ಕುಳ ಸೋಂಕು, ಚಳಿ, ಅಥವಾ ಕಾವಿನ ಹಂತದ ತಪ್ಪು. 4ರಿಂದ 6ನೇ ದಿನ ಸತ್ತರೆ ಮರಿ ತಿನ್ನಲು ಕುಡಿಯಲು ಕಲಿತೇ ಇರಲಿಲ್ಲ, ಹೊಟ್ಟೆಯ ಹಳದಿ ಮುಗಿದ ಮೇಲೆ ಸೋತಿದೆ. ಮೂರನೇ ವಾರದ ನಂತರ ಸತ್ತರೆ ಮೊದಲು ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ಅನುಮಾನಿಸಿ.

ಇವುಗಳಲ್ಲಿ 4ರಿಂದ 6ನೇ ದಿನದ ಸಾವನ್ನು ತಡೆಯುವುದು ಸುಲಭ. ಮರಿಯನ್ನು ಬಿಡುವಾಗ ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿ ತೋರಿಸಿ. ಮೇವನ್ನು ಮೊದಲ ದಿನ ಕಾಗದದ ಮೇಲೂ ಸ್ವಲ್ಪ ಚೆಲ್ಲಿ. ಒಂದು ದಿನದ ನಂತರ ಕತ್ತಲಾದ ಮೇಲೆ ಕೆಲವು ಮರಿ ಹಿಡಿದು ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಿಂದ ಮೆಲ್ಲಗೆ ಮುಟ್ಟಿ. ತುಂಬಿ ಮೆತ್ತಗಿದ್ದರೆ ತಿಂದಿದೆ, ಕುಡಿದಿದೆ. ಗಟ್ಟಿಯಾಗಿದ್ದರೆ ಮೇವು ಸಿಕ್ಕಿದೆ, ನೀರು ಸಿಕ್ಕಿಲ್ಲ. ಖಾಲಿ ಇದ್ದರೆ ಎರಡೂ ಇಲ್ಲ. ಅದೇ ಹೊತ್ತಿಗೆ ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಮೇಲೆ ಬಲ್ಬ್ ಎಷ್ಟೇ ಉರಿಯುತ್ತಿರಲಿ, ನೆಲ ತಣ್ಣಗಿದೆ ಅಂತ ಅರ್ಥ. ಬ್ರೂಡರನ್ನು ಮರಿ ಬರುವ 24 ಗಂಟೆ ಮೊದಲೇ ಹಚ್ಚಿಡಬೇಕು ಅನ್ನುವುದು ಈ ಕಾರಣಕ್ಕೆ. ಗಾಳಿ ಹತ್ತು ನಿಮಿಷದಲ್ಲಿ ಬಿಸಿಯಾಗುತ್ತದೆ, ಸಿಮೆಂಟ್ ನೆಲ ಆಗುವುದಿಲ್ಲ. ಮರದ ಹತ್ತರಿ ಹೊಟ್ಟನ್ನೋ ಭತ್ತದ ಹೊಟ್ಟನ್ನೋ 5ರಿಂದ 8 ಸೆಂಟಿಮೀಟರ್ ದಪ್ಪ ಹಾಸಿ. ಗರಗಸದ ನುಣ್ಣನೆ ಪುಡಿ ಬೇಡ, ಮರಿ ಅದನ್ನೇ ಮೇವು ಅಂತ ತಿನ್ನುತ್ತದೆ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ 21 ಡಿಗ್ರಿಗೆ ತನ್ನಿ. ಸಂಖ್ಯೆ ಗೊತ್ತಿದ್ದರೂ ಮರಿಗಳು ಕೂತ ರೀತಿಯೇ ನನಗೆ ಕೊನೆಯ ಮಾತು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಜೋರಾಗಿ ಕೂಗಿದರೆ ಚಳಿ. ಅಂಚಿಗೆ ಸರಿದು, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಉಸಿರಾಡಿದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಒತ್ತಿಕೊಂಡಿದ್ದರೆ ಎದುರು ಪಕ್ಕದಿಂದ ಗಾಳಿ ಬೀಸುತ್ತಿದೆ, ಕೈ ಒದ್ದೆ ಮಾಡಿಕೊಂಡು ಆ ಸಂದು ಹುಡುಕಿ. ಹರಡಿಕೊಂಡು ತಿನ್ನುತ್ತಾ, ಮಲಗುತ್ತಾ, ಮೆಲ್ಲಗೆ ಚಿಲಿಪಿಲಿ ಅನ್ನುತ್ತಿದ್ದರೆ ಬಲ್ಬನ್ನು ಮುಟ್ಟಬೇಡಿ. ಬೆಳಿಗ್ಗೆ ಮೂಲೆಯಲ್ಲಿ ಚಪ್ಪಟೆಯಾದ ಮರಿಗಳು ಸಿಕ್ಕರೆ ರಾತ್ರಿ ಚಳಿಗೆ ರಾಶಿ ಬಿದ್ದಿವೆ. ಕಾವು ಹೆಚ್ಚಿಸುವುದರ ಜೊತೆಗೆ ತಗಡನ್ನೋ ರಟ್ಟನ್ನೋ ದುಂಡಗೆ ಬಾಗಿಸಿ ಮೂಲೆಗಳನ್ನೇ ಇಲ್ಲವಾಗಿಸಿ.

ಬಲ್ಬಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕಂದರೆ ಇಲ್ಲಿ ಬೆಂಕಿಯ ಅಪಾಯ ಇದೆ. 250 ವ್ಯಾಟಿನ ಒಂದೇ ಬಲ್ಬಿಗಿಂತ 125ರ ಎರಡು ಒಳ್ಳೆಯದು. ಒಂದು ಸುಟ್ಟುಹೋದರೂ ರಾತ್ರಿ ಕಳೆಯುತ್ತದೆ. ವೈರಿನಿಂದ ನೇತುಹಾಕಬೇಡಿ, ಸರಪಳಿ ಬಳಸಿ, ಜೊತೆಗೆ ಇನ್ನೊಂದು ಕಟ್ಟು ಇರಲಿ. ಹೊಟ್ಟಿನಿಂದ ಕನಿಷ್ಠ 45 ಸೆಂಟಿಮೀಟರ್ ಎತ್ತರ, ಬಲ್ಬಿನ ಮುಂದೆ ತಂತಿಯ ಜಾಲರಿ, ಪಿಂಗಾಣಿ ಹೋಲ್ಡರ್. ಹೊಸ ಬಲ್ಬ್ ಹಾಕಿದ ರಾತ್ರಿಯೇ ಎಲ್ಲ ಮರಿ ಒಟ್ಟಿಗೆ ಸತ್ತರೆ, ರೋಗದ ಗುರುತೇ ಇಲ್ಲದಿದ್ದರೆ, ಬಲ್ಬಿನ ಡಬ್ಬಿ ಓದಿ. ಒಡೆಯದಿರಲಿ ಅಂತ ಟೆಫ್ಲಾನ್ ಲೇಪ ಹಚ್ಚಿದ ಬಲ್ಬುಗಳಿವೆ. ಅದು ಬಿಸಿಯಾದಾಗ ಬರುವ ಹೊಗೆ ಹಕ್ಕಿಗಳಿಗೆ ವಿಷ.

ಹಿಂಬದಿಗೆ ಹಿಕ್ಕೆ ಅಂಟಿ ಮುಚ್ಚಿಕೊಂಡಿದ್ದರೆ ಬೆಚ್ಚಗಿನ ನೀರಿನ ಬಟ್ಟೆಯಿಂದ ನೆನೆಸಿ ತೆಗೆಯಿರಿ, ಎಳೆಯಬೇಡಿ, ಆಮೇಲೆ ಒಣಗಿಸಿ ಬಿಡಿ. ಇಲ್ಲೊಂದು ಎಚ್ಚರ. ಹೊಕ್ಕುಳಲ್ಲಿ ಒಣಗಿದ ಸಣ್ಣ ಕಪ್ಪು ಎಳೆ ಇರುತ್ತದೆ. ಹಿಕ್ಕೆ ಅಂತ ತಪ್ಪು ತಿಳಿದು ಅದನ್ನು ಕಿತ್ತರೆ ಮರಿ ಸಾಯಬಹುದು. ಹೊಕ್ಕುಳು ಹೊಟ್ಟೆಯ ಕೆಳಗಡೆ, ಹಿಕ್ಕೆ ಬರುವ ಜಾಗ ಬಾಲದ ಬುಡದಲ್ಲಿ. ತುಂಬ ಮರಿಗಳಿಗೆ ಹೀಗಾದರೆ ಬಿಸಿ ಮತ್ತು ನೀರು ಎರಡನ್ನೂ ಮತ್ತೆ ಪರೀಕ್ಷಿಸಿ.

ನೀರಿನ ಪಾತ್ರೆಯ ಅಂಚಿನಲ್ಲಿ ಮುಳುಗಿ ಸತ್ತ ಮರಿ ಸಿಕ್ಕರೆ ಪಾತ್ರೆ ಆಳವಾಯಿತು. ಗೋಲಿಯನ್ನೋ ತೊಳೆದ ಕಲ್ಲನ್ನೋ ತುಂಬಿ ಕೊಕ್ಕು ಮಾತ್ರ ಮುಳುಗುವ ಹಾಗೆ ಮಾಡಿ. ಮೇವು 20ರಿಂದ 22 ಶೇಕಡಾ ಪ್ರೋಟೀನ್ ಇರುವ ಚಿಕ್ ಸ್ಟಾರ್ಟರ್ ಇರಲಿ. ಮೊಟ್ಟೆ ಕೋಳಿಯ ಮೇವು ಮನೆಯಲ್ಲಿದೆ ಅಂತ ಅದನ್ನೇ ಹಾಕಬೇಡಿ, ಅದರಲ್ಲಿರುವ ಸುಣ್ಣದಂಶ ಎಳೆಯ ಮರಿಯ ಮೂತ್ರಪಿಂಡ ಹಾಳು ಮಾಡುತ್ತದೆ. ಕಾಲ್ಬೆರಳು ಒಳಕ್ಕೆ ಮುದುಡಿಕೊಂಡರೆ ರಿಬೋಫ್ಲಾವಿನ್, ಅಂದರೆ ವಿಟಮಿನ್ ಬಿ2 ಕೊರತೆ ಇರಬಹುದು. ಹಳೆಯ ಮೇವಿನ ಚೀಲವನ್ನು ಬದಲಿಸಿ, ವಿಟಮಿನ್ ಬಿ ಕೊಡಿ. ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತಿದ್ದರೆ ಜಾಗ ಸಾಲದು, ಸೆಕೆ, ಇಲ್ಲವೇ ಬೆಳಕು ಜಾಸ್ತಿ. ಬಿಳಿ ಬಲ್ಬಿನ ಬದಲು ಕೆಂಪು ಹಾಕಿದರೆ ಎಷ್ಟೋ ತಗ್ಗುತ್ತದೆ.

ಮೂರನೇ ವಾರ ದಾಟಿದ ಮರಿ ಗರಿ ಕೆದರಿಕೊಂಡು, ಕಣ್ಣು ಮುಚ್ಚಿ, ತೂಕಡಿಸುತ್ತಾ ನಿಂತಿದ್ದರೆ ಹೊಟ್ಟಿನ ಮೇಲಿನ ಹಿಕ್ಕೆ ನೋಡಿ. ರಕ್ತ ಕಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕಾಕ್ಸಿಡಿಯೋಸಿಸ್‌ಗೆ ಆಂಪ್ರೋಲಿಯಂ ಎಂಬ ಔಷಧಿ ನೀರಿನಲ್ಲಿ ಕೊಡುತ್ತಾರೆ, ಪ್ರಮಾಣ ಅವರು ಹೇಳಿದಷ್ಟೇ. ಔಷಧಿ ಕೊಟ್ಟು ಹಾಸನ್ನು ಹಾಗೇ ಬಿಟ್ಟರೆ ರೋಗ ಮತ್ತೆ ಬರುತ್ತದೆ, ಯಾಕಂದರೆ ಅದರ ಬೀಜ ಬೆಳೆಯುವುದು ಒದ್ದೆ ಹೊಟ್ಟಿನಲ್ಲಿ. ನೀರಿನ ಪಾತ್ರೆಯ ಸುತ್ತಲಿನ ಹೊಟ್ಟನ್ನು ಒಂದು ಮುಷ್ಟಿ ಹಿಡಿದು ಹಿಂಡಿ. ಉಂಡೆಯಾಗಿ ಹಾಗೇ ನಿಂತರೆ ಅಷ್ಟನ್ನೂ ತೆಗೆದು ಒಣ ಹೊಟ್ಟು ಹಾಕಿ, ಪಾತ್ರೆಯನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿ. ಮೂಗಿಗೆ ಅಮೋನಿಯಾದ ಘಾಟು ಬರುವವರೆಗೆ ಕಾಯಬೇಡಿ. ನೀವು ಬಗ್ಗಿ ಮೂಸಿ ನೋಡುವ ಹೊತ್ತಿಗೆ ಮರಿಗಳು ಆ ಗಾಳಿಯನ್ನೇ ಹಗಲು ರಾತ್ರಿ ಉಸಿರಾಡಿರುತ್ತವೆ. ಮರಿ ಮುಟ್ಟಿದ ಮೇಲೆ, ಹಾಸು ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ. ನೋಡಲು ಆರೋಗ್ಯವಾಗಿರುವ ಮರಿಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.